ವೈಫೈ ಬರಲಿಲ್ಲ ಅಂತ ಲಿನಕ್ಸ್ ತೆಗೀಬೇಡ್ರಿ (ಭಾಗ 4)

ವಿಂಡೋಸ್ 10ಕ್ಕೆ ಸಪೋರ್ಟ್ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಸಂಡೂರು, ಕಂಪ್ಲಿಯಿಂದ ಹೊಸಪೇಟೆಗೆ ಬಸ್ಸಲ್ಲಿ ಬರೋ ನಮ್ಮಲ್ಲಿ ಬಹಳ ಜನರದ್ದು ಹಳೇ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪೇ. ಉಬುಂಟು ಹಾಕ್ತೀರಿ, ವೈಫೈ ಕಾಣಲ್ಲ, 'ಲಿನಕ್ಸ್ ದಂಡ' ಅಂತ ಬಿಡ್ತೀರಿ.

ತಪ್ಪು ಲಿನಕ್ಸ್‌ದಲ್ಲ ರೀ. ಕೆಲವು ಬ್ರಾಡ್‌ಕಾಮ್ ಕಾರ್ಡುಗಳ ಡ್ರೈವರ್ ಕೋಡನ್ನ ಕಂಪನಿ ಪೂರ್ತಿ ಬಿಟ್ಟುಕೊಟ್ಟಿಲ್ಲ. ಹಂಗಾಗಿ ಅದನ್ನ ಬೇರೆಯಾಗಿ ಹಾಕ್ಬೇಕು. ಡ್ರೈವರ್‌ಗೆ ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು, ಹೆಂಗೆ? ಫೋನನ್ನ ಕೇಬಲ್‌ನಿಂದ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡ್ರಿ. 'ಅಡಿಷನಲ್ ಡ್ರೈವರ್ಸ್' ತೆಗೆದು ಬ್ರಾಡ್‌ಕಾಮ್‌ದು ಆರಿಸಿ, ರೀಸ್ಟಾರ್ಟ್ ಮಾಡ್ರಿ.

(ಟ್ಯಾಲಿಗೆ ಮಾತ್ರ ವಿಂಡೋಸೇ ಬೇಕು. ಅದಕ್ಕೆ ಕಾಲೇಜ್ ಲ್ಯಾಬ್ ಐತಲ್ಲ.)

ಹೊಸ ಲ್ಯಾಪ್‌ಟಾಪ್ ಕೊಡ್ಸು ಅಂತ ಅಪ್ಪನ್ನ ಕೇಳೋ ಮುಂಚೆ ಇದೊಂದು ಮಾಡಿ ನೋಡ್ರಿ. ಬರ್ಲಿಲ್ಲ ಅಂದ್ರೆ ಯಾವ ಕಾರ್ಡ್ ಅಂತ ಕಾಮೆಂಟ್ ಹಾಕ್ರಿ, ಭಾನುವಾರ ಕೂತು ನೋಡೋಣ.