ಬೂದಿ ಮುಚ್ಚಿದ ಕೆಂಡ

ದೋಹಾದಲ್ಲಿ ಚಳಿಯೇ ಎಂದು ಊರಿನವರು ಫೋನಿನಲ್ಲಿ ನಗುತ್ತಾರೆ. ಜನವರಿಯಲ್ಲಿ ಇಲ್ಲಿ ರಾತ್ರಿಯ ಉಷ್ಣಾಂಶ ಸಾಮಾನ್ಯವಾಗಿ 13–14 ಡಿಗ್ರಿಗೆ ಇಳಿಯುತ್ತದೆ. ನಗರದಾಚೆಯ ಮರುಭೂಮಿಯಲ್ಲಿ ಇನ್ನೂ ಕಡಿಮೆ. ಒಣ ಹವೆ, ಮೋಡವಿಲ್ಲದ ಆಕಾಶ. ಹಗಲು ಕಾದ ಮರಳು ಸಂಜೆಯಾಗುತ್ತಲೇ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ವಾರಾಂತ್ಯಕ್ಕೆ ಮಕ್ಕಳೊಂದಿಗೆ ಸೀಲೈನ್ ಕಡೆ ಟೆಂಟ್ ಹಾಕಲು ಹೊರಟಿದ್ದೀರಾ? ಹಾಗಾದರೆ ಎರಡು ಮಾತು.

ಮೊದಲನೆಯದು ಹೊದಿಕೆ. ಅಜ್ಜಿಯ ಕೌದಿಯನ್ನು ನೆನಪಿಸಿಕೊಳ್ಳಿ: ಹಳೆಯ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದದ್ದು. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ. ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ನಮ್ಮ ಮೈಬಿಸಿಯನ್ನು ಹೊರಗೆ ಹೋಗಗೊಡುವುದಿಲ್ಲ. ಹಾಗಾಗಿ ಮಕ್ಕಳಿಗೆ ಒಂದೇ ದಪ್ಪ ಜಾಕೆಟ್ಟಿಗಿಂತ ಎರಡು ಮೂರು ತೆಳು ಬಟ್ಟೆ ಒಂದರ ಮೇಲೊಂದು ಹಾಕಿ. ಮೇಲೆ ಹೊದಿಸುವಷ್ಟೇ ಕೆಳಗೂ ಹಾಸಿ, ಮರಳು ತಣ್ಣಗಿರುತ್ತದೆ. ಆಡಿ ಬೆವೆತ ಬನಿಯನ್ ಮಲಗುವ ಮುಂಚೆ ಬದಲಿಸಿ.

ಎರಡನೆಯದು ಕೆಂಡ. ಅಡುಗೆ ಮುಗಿದ ಮೇಲೆ ಇದ್ದಿಲಿನ ಒಲೆಯನ್ನು ಟೆಂಟಿನೊಳಗೆ ಇಟ್ಟುಕೊಳ್ಳುವವರಿದ್ದಾರೆ. ದಯವಿಟ್ಟು ಬೇಡ. ಉರಿಯೂ ಹೊಗೆಯೂ ಇಲ್ಲದ ಕೆಂಡ ಕೂಡ ಕಾರ್ಬನ್ ಮಾನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಅಂಟಿಕೊಳ್ಳುತ್ತದೆ. ನಿದ್ದೆಯಲ್ಲಿರುವವರಿಗೆ ತಿಳಿಯುವುದೇ ಇಲ್ಲ. ಬಾಗಿಲು ಒಂದಿಷ್ಟು ತೆರೆದಿಟ್ಟರೂ ಸಾಲದು. ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿದರೆ ‘ಥಂಡಿ ಆಗಿರಬೇಕು’ ಎಂದು ಸುಮ್ಮನಾಗಬೇಡಿ. ಎಲ್ಲರನ್ನೂ ಹೊರಗೆ ಕರೆತಂದು 999ಕ್ಕೆ ಕರೆ ಮಾಡಿ.

ಕೆಂಡದ ಮೇಲೆ ಮರಳು ಮುಚ್ಚಿ ಎದ್ದು ಬರುವುದೂ ಅಪಾಯ. ಮರಳು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ಗಂಟೆಗಟ್ಟಲೆ ಕಳೆದ ಮೇಲೂ ಬರಿಗಾಲಲ್ಲಿ ಓಡಿಬಂದ ಮಗುವಿನ ಪಾದ ಸುಡಬಹುದು. ಸ್ವಲ್ಪ ಸ್ವಲ್ಪವೇ ನೀರು ಸುರಿದು, ಕೆದಕಿ, ಮತ್ತೆ ಸುರಿಯಿರಿ.

ಇದನ್ನು ಮಕ್ಕಳಿಗೆ ಹೇಳಲು ಕನ್ನಡದಲ್ಲಿ ಮಾತೊಂದು ಸಿದ್ಧವಾಗಿಯೇ ಇದೆ: ಬೂದಿ ಮುಚ್ಚಿದ ಕೆಂಡ. ಒಳಗೊಳಗೇ ಕುದಿಯುವ ಸಿಟ್ಟಿಗೆ, ಆರದ ಜಗಳಕ್ಕೆ ನಾವದನ್ನು ಬಳಸುತ್ತೇವೆ. ಆದರೆ ಫ್ಲ್ಯಾಟಿನಲ್ಲಿ ಬೆಳೆಯುವ ಮಗು ಕೆಂಡವನ್ನೇ ನೋಡಿರುವುದಿಲ್ಲ, ಮಾತು ಹೇಗೆ ತಾನೆ ಹತ್ತೀತು? ಈ ಸಲ ತೋರಿಸಿ. ಮಗುವನ್ನು ದೂರ ಕೂರಿಸಿ, ಉದ್ದದ ಕಡ್ಡಿಯಿಂದ ಬೂದಿ ಸರಿಸಿ, ಒಳಗಿನ ಕೆಂಪು ಕಾಣಲಿ. ಆಮೇಲೆ ಅದರ ಕಣ್ಣೆದುರೇ ನೀರು ಸುರಿಯಿರಿ. ಕೆಂಡ ಆರಿತೋ ಇಲ್ಲವೋ ಎಂದು ಮುಂದಿನ ಸಲ ಕೇಳುವುದು ಮಗುವೇ, ಅದೂ ಕನ್ನಡದಲ್ಲಿ.