ನಿರ್ದೋಷಿಯೋ, ದೋಷ ಸಾಬೀತಾಗದವನೋ? ನ್ಯಾಯವಿಚಾರಣೆಯ ಕನ್ನಡವನ್ನು ಕುರಿತು

ಪಾರಿಭಾಷಿಕ ಪದಗಳನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ನಡೆಯುತ್ತದೆ: ಇಂಗ್ಲಿಷಿನ ಇಂಥ ಪದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಅಪರಾಧ ಪ್ರಕರಣಗಳ ಮಟ್ಟಿಗೆ ಈ ಪ್ರಶ್ನೆಯೇ ದಾರಿ ತಪ್ಪಿಸುವಂಥದು. ಇಲ್ಲಿ ಕನ್ನಡಕ್ಕೆ ಪದಗಳ ಬಡತನವಿಲ್ಲ. ಫಿರ್ಯಾದಿ, ಜಾಮೀನು, ಮಹಜರು, ಖುಲಾಸೆ ಮುಂತಾದ ಅರಬ್ಬಿ-ಫಾರಸಿ ಮೂಲದ ಪದಗಳು ಹಳ್ಳಿಯ ಕಕ್ಷಿದಾರನ ಬಾಯಲ್ಲೂ ನೆಲೆಗೊಂಡಿವೆ. ಸಾಕ್ಷ್ಯ, ದೋಷಾರೋಪ, ಅಭಿಯೋಜನೆಯಂಥ ಸಂಸ್ಕೃತ ಪದಗಳೂ ಬಳಕೆಯಲ್ಲಿವೆ. ಕೊರತೆಯಿರುವುದು ಪದಗಳಲ್ಲಲ್ಲ, ಪದಗಳ ನಡುವಣ ಗಡಿಗಳಲ್ಲಿ.

‘ವಿಚಾರಣೆ’ ಎಂಬ ಪದವನ್ನೇ ನೋಡಬಹುದು. ಪೊಲೀಸರು ಠಾಣೆಯಲ್ಲಿ ಪ್ರಶ್ನಿಸುವುದು ವಿಚಾರಣೆ. ಜಾಮೀನು ಅರ್ಜಿಯನ್ನು ನ್ಯಾಯಾಲಯ ಆಲಿಸುವುದು ವಿಚಾರಣೆ. ದೋಷಾರೋಪ ಹೊರಿಸಿದ ಮೇಲೆ ಪೂರ್ಣ ಮೊಕದ್ದಮೆ ನಡೆಯುವುದೂ ವಿಚಾರಣೆ. ಪಾಟಿ ಸವಾಲಿನ ತರುವಾಯ ಸಾಕ್ಷಿಯನ್ನು ಮತ್ತೆ ಪ್ರಶ್ನಿಸಿದರೆ ಅದು ಮರುವಿಚಾರಣೆ. ಮೊಕದ್ದಮೆಯನ್ನೇ ಮೊದಲಿನಿಂದ ನಡೆಸಬೇಕೆಂದು ಮೇಲಿನ ನ್ಯಾಯಾಲಯ ಆದೇಶಿಸಿದರೆ ಅದೂ ಮರುವಿಚಾರಣೆ. ‘ಬಿಡುಗಡೆ’ಯ ಸ್ಥಿತಿಯೂ ಇದೇ. ಜಾಮೀನು ದೊರೆತವನು, ಖುಲಾಸೆಯಾದವನು, ಶಿಕ್ಷೆ ಮುಗಿಸಿದವನು, ಈ ಮೂವರೂ ‘ಬಿಡುಗಡೆ’ಯಾದವರೇ. ಕಾನೂನಿನ ದೃಷ್ಟಿಯಲ್ಲಿ ಮಾತ್ರ ಈ ಮೂವರ ಸ್ಥಾನ ಪೂರ್ಣ ಭಿನ್ನ.

ವ್ಯಾಕರಣದ ದೃಷ್ಟಿಯಿಂದ ‘ಆರೋಪಿ’ ಎಂಬ ಪದಕ್ಕೆ ಆರೋಪಿಸುವವನು ಎಂಬ ಅರ್ಥವೇ ಸಲ್ಲಬೇಕು; ಆರೋಪಕ್ಕೆ ಒಳಗಾದವನು ‘ಆರೋಪಿತ’ ಅಥವಾ ‘ಆಪಾದಿತ’ ಎಂದು ಆಕ್ಷೇಪಿಸಲು ಅವಕಾಶವಿದೆ. ಆದರೆ ರೂಢಿ ಈ ಪದವನ್ನು ಒಪ್ಪಿರುವಾಗ ಅದನ್ನು ಕೀಳುವ ಅಗತ್ಯ ತೋರುವುದಿಲ್ಲ. ಆರೋಪಿಗೂ ಅಪರಾಧಿಗೂ ನಡುವಿನ ಗೆರೆಯನ್ನು ನಮ್ಮ ಪತ್ರಿಕೆಗಳು ಬಹುಮಟ್ಟಿಗೆ ಕಾಪಾಡಿಕೊಂಡು ಬಂದಿವೆ ಎಂಬುದೇ ಮುಖ್ಯ. ರೂಢಿಯ ಭಾಷೆಯೂ ಸೂಕ್ಷ್ಮ ಭೇದಗಳನ್ನು ಹೊರಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆ ಎಚ್ಚರ ಮೊಕದ್ದಮೆಯ ಇನ್ನೊಂದು ತುದಿಯಲ್ಲಿ ಕಾಣುವುದಿಲ್ಲ. ಖುಲಾಸೆಯಾದವನನ್ನು ನಾವು ‘ನಿರ್ದೋಷಿ’ ಎಂದುಬಿಡುತ್ತೇವೆ. ಸಂಶಯದ ಲಾಭ ನೀಡಿ ಖುಲಾಸೆ ಮಾಡಿದ ನ್ಯಾಯಾಲಯ ಹೇಳುವುದು ಅದನ್ನಲ್ಲ. ಸಮಂಜಸ ಸಂದೇಹಕ್ಕೆ ಎಡೆಯಿಲ್ಲದಂತೆ ದೋಷ ಸಾಬೀತಾಗಲಿಲ್ಲ ಎಂಬುದಷ್ಟನ್ನೇ.

ಈ ಭೇದ ಅತ್ಯಂತ ಸ್ಪಷ್ಟವಾಗುವುದು ಜ್ಯೂರಿ ಪದ್ಧತಿಯಲ್ಲಿ. 1957ರ ‘12 ಆಂಗ್ರಿ ಮೆನ್’ ಚಲನಚಿತ್ರದಲ್ಲಿ ಹನ್ನೊಂದು ಮಂದಿಗೆ ಎದುರಾಗಿ ನಿಲ್ಲುವ ಒಬ್ಬನು ಹುಡುಗ ನಿರಪರಾಧಿ ಎಂದು ವಾದಿಸುವುದಿಲ್ಲ. ತನಗೆ ತಿಳಿಯದು, ಆದ್ದರಿಂದ ಮಾತನಾಡೋಣ ಎನ್ನುತ್ತಾನೆ. ಅವನ ಮತವನ್ನು ‘ನಿರ್ದೋಷಿ’ ಎಂದು ಅನುವಾದಿಸಿದರೆ ಚಿತ್ರದ ಅಡಿಪಾಯವೇ ಕುಸಿಯುತ್ತದೆ. ಆ ಕೋಣೆಯಲ್ಲಿ ನಡೆಯುವುದನ್ನು ‘ಚರ್ಚೆ’ ಎಂದರೂ ಸಾಲದು, ಚರ್ಚೆಯಲ್ಲಿ ಪಕ್ಷಗಳಿರುತ್ತವೆ. ಸಾಕ್ಷ್ಯವನ್ನು ಒಟ್ಟಾಗಿ ತೂಗಿ ನೋಡುವ ಆ ಕ್ರಿಯೆಗೆ ‘ಪರ್ಯಾಲೋಚನೆ’ ಹೆಚ್ಚು ಸಮೀಪವಾದ ಪದ.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ನಾನಾವತಿ ಪ್ರಕರಣವಿದೆ. 1959ರಲ್ಲಿ ಮುಂಬಯಿಯ ಒಂಬತ್ತು ಜನರ ಜ್ಯೂರಿ, ಎಂಟಕ್ಕೆ ಒಂದು ಮತದಿಂದ, ಆರೋಪಿಯು ದೋಷಿಯಲ್ಲ ಎಂದಿತು. ಸೆಷನ್ಸ್ ನ್ಯಾಯಾಧೀಶರು ಅದನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ವಿಧಿಸಿದ ಶಿಕ್ಷೆಯನ್ನು 1961ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಇದನ್ನು ಕನ್ನಡದಲ್ಲಿ ನಿರೂಪಿಸುವವರು ಜ್ಯೂರಿ ನೀಡಿದ್ದನ್ನೂ ನ್ಯಾಯಾಧೀಶರು ನೀಡುವುದನ್ನೂ ‘ತೀರ್ಪು’ ಎಂದರೆ ಯಾರ ತೀರ್ಪನ್ನು ಯಾರು ತಳ್ಳಿಹಾಕಿದರೆಂದು ಓದುಗ ತಬ್ಬಿಬ್ಬಾಗುತ್ತಾನೆ. ಜ್ಯೂರಿಯದು ‘ನಿರ್ಣಯ’, ನ್ಯಾಯಾಧೀಶರದು ‘ತೀರ್ಪು’ ಎಂದಿಟ್ಟುಕೊಂಡರೆ ಗೊಂದಲ ಕರಗುತ್ತದೆ. ಅದೇ ಪ್ರಕರಣದಲ್ಲಿ ನ್ಯಾಯಾಧೀಶರು ಜ್ಯೂರಿಗೆ ನೀಡಿದ ‘ಚಾರ್ಜ್’ ದೋಷಯುಕ್ತವಾಗಿತ್ತು ಎಂಬುದು ಒಂದು ಪ್ರಮುಖ ಅಂಶ. ಅಲ್ಲಿ ಆ ಪದದ ಅರ್ಥ ದೋಷಾರೋಪವಲ್ಲ, ಜ್ಯೂರಿಗೆ ಕಾನೂನನ್ನು ವಿವರಿಸುವ ನಿರ್ದೇಶನ. ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದು ಪದ ಎಂಬ ಕೋಶಸೂತ್ರ ಇಲ್ಲಿ ಸೋಲುತ್ತದೆ.

1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನವೇ ಇರಲಿಲ್ಲವಾದ್ದರಿಂದ ಈ ವಿವೇಚನೆ ಅನಗತ್ಯವೆಂದು ಕೆಲವರು ಹೇಳಬಹುದು. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಸಂಗತಿಯನ್ನು ನಿರ್ಣಯಿಸುವ ಜ್ಯೂರಿಯ ಕೆಲಸವನ್ನೂ ಕಾನೂನನ್ನು ಅನ್ವಯಿಸುವ ನ್ಯಾಯಾಧೀಶರ ಕೆಲಸವನ್ನೂ ಈಗ ಒಬ್ಬರೇ ಮಾಡುತ್ತಾರೆ. ಎರಡನ್ನೂ ಬೇರ್ಪಡಿಸಿ ಗುರುತಿಸಲು ಓದುಗನಿಗಿರುವ ಆಸರೆ ಭಾಷೆಯೊಂದೇ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ, ಸಾಕ್ಷ್ಯ ಅಧಿನಿಯಮಗಳು ಜಾರಿಯಲ್ಲಿವೆ. ತೀರ್ಪುಗಳ ಯಂತ್ರಾನುವಾದಕ್ಕೆ ಸುಪ್ರೀಂ ಕೋರ್ಟು 2019ರಲ್ಲೇ ತೊಡಗಿದೆ. ಯಂತ್ರ ನಮ್ಮ ರೂಢಿಯನ್ನೇ ಅನುಸರಿಸುತ್ತದೆ. ರೂಢಿ ಮಸುಕಾಗಿದ್ದರೆ ಅನುವಾದವೂ ಮಸುಕೇ. ಆದಕಾರಣ ಕನ್ನಡ ವಿಭಾಗಗಳು ಸಿದ್ಧಪಡಿಸಬೇಕಾದುದು ಅಕಾರಾದಿಯ ಮತ್ತೊಂದು ಪದಪಟ್ಟಿಯನ್ನಲ್ಲ. ದೂರಿನಿಂದ ಮೇಲ್ಮನವಿಯವರೆಗೆ ಮೊಕದ್ದಮೆ ಸಾಗುವ ಪ್ರತಿ ಹಂತದಲ್ಲಿ ಯಾರು, ಏನು, ಯಾವ ಅಧಿಕಾರದಿಂದ ಮಾಡುತ್ತಾರೆ ಎಂಬುದನ್ನು ಗುರುತಿಸಿ, ಆ ಕ್ರಿಯೆಗೆ ತಕ್ಕ ಪದವನ್ನು ಗೊತ್ತುಪಡಿಸುವ ಪ್ರಕ್ರಿಯಾಕೋಶವನ್ನು. ಈ ಕೆಲಸಕ್ಕೆ ವಕೀಲರ ನೆರವು ಬೇಕು; ಆದರೆ ಅರ್ಥಭೇದವನ್ನು ಕಾಯುವುದು ಮೂಲತಃ ಭಾಷಾಧ್ಯಾಪಕರ ಹೊಣೆ. ಒಬ್ಬ ವ್ಯಕ್ತಿ ಆರೋಪಿಯಾಗಿ ನಿಂತಿರುವಷ್ಟು ಕಾಲ ಅವನಿಗಿರುವ ರಕ್ಷಣೆಗಳಲ್ಲಿ ನಾವು ಅವನನ್ನು ಕರೆಯುವ ಹೆಸರೂ ಒಂದು.