ಲಂಡನ್ನಿನ ಸೀಸೆಯಲ್ಲಿ ಮೈಸೂರಿನ ಹೆಸರು

ರಜೆಗೆ ಊರಿಗೆ ಹೊರಡುವ ಮುನ್ನ ದೇರಾದ ಅತ್ತರ್ ಅಂಗಡಿಗೆ ಹೋಗುವ ನಮಗೆ ‘ಸಂದಲ್’ ಎಂಬ ಪದ ಹೊಸದಲ್ಲ. ಊದ್ ಪಕ್ಕದಲ್ಲೇ ಅದರ ಜಾಗ. ಹಾಲಿನ ಕೆನೆಯಷ್ಟು ಮೃದುವಾದ, ಮರದ ಪರಿಮಳ. ಅದು ತೊಗಟೆಯಿಂದ ಬರುತ್ತದೆಂದು ತಿಳಿದವರಿದ್ದಾರೆ. ಶ್ರೀಗಂಧದ ತೊಗಟೆಗೂ ಅದರೊಳಗಿನ ಬಿಳಿ ಮರಕ್ಕೂ ಪರಿಮಳವೇ ಇಲ್ಲ. ಅವೆರಡನ್ನೂ ಕೆತ್ತಿ ತೆಗೆದ ಮೇಲೆ ಸಿಗುವ ತಿರುಳು ಮತ್ತು ಬೇರಿನಲ್ಲಿ ಎಣ್ಣೆ ಇರುವುದು.

ಈ ಸಲ ಅಂಕಣವನ್ನು ಲಂಡನ್ನಿಗೆ ಒಯ್ಯುತ್ತೇನೆ, ಏಕೆಂದರೆ ನಮ್ಮ ಗಂಧಕ್ಕೆ ಅಲ್ಲೊಂದು ಹಳೆಯ ವಿಳಾಸವಿದೆ. ಅಲ್ಲಿನ ಜರ್ಮಿನ್ ಸ್ಟ್ರೀಟ್ ಗಂಡಸರ ಕ್ಷೌರ, ಸುಗಂಧದ ಅಂಗಡಿಗಳಿಗೆ ಹೆಸರಾದ ಬೀದಿ. 1730ರಲ್ಲಿ ಇಲ್ಲಿ ಅಂಗಡಿ ತೆರೆದ ಫ್ಲೋರಿಸ್, ಮೆನೋರ್ಕಾ ದ್ವೀಪದಿಂದ ಹೊಟ್ಟೆಪಾಡಿಗೆ ಬಂದವನು, ನಮ್ಮಂತೆಯೇ ಎನ್ನಿ. ಇದೇ ಬೀದಿಯ ಟರ್ಕಿಶ್ ಹಮ್ಮಾಮಿನ ವಾಸನೆಯಿಂದ ಸ್ಫೂರ್ತಿ ಪಡೆದು ಪೆನ್‌ಹ್ಯಾಲಿಗನ್ ಎಂಬ ಕ್ಷೌರಿಕ 1872ರಲ್ಲಿ ‘ಹಮ್ಮಾಮ್ ಬೊಕೆ’ ಮಾಡಿದ. ಗುಲಾಬಿಯ ಕೆಳಗೆ ಅದರಲ್ಲಿ ಗಂಧವಿದೆ. ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್‌ನವರ ಗಂಧದ ಶೇವಿಂಗ್ ಕ್ರೀಮ್ ಇಂದಿಗೂ ಇದೇ ಬೀದಿಯಲ್ಲಿ ಸಿಗುತ್ತದೆ.

ಆದರೆ ಆ ಕಾಲದಲ್ಲಿ ಮೈಸೂರು ಮಾರುತ್ತಿದ್ದದ್ದು ಎಣ್ಣೆಯನ್ನಲ್ಲ, ಬರೀ ಮರವನ್ನು. ಹರಾಜಾದ ತುಂಡುಗಳಲ್ಲಿ ಹೆಚ್ಚಿನವು ಜರ್ಮನಿಗೆ ಹೋಗಿ ಅಲ್ಲಿ ಬಟ್ಟಿ ಇಳಿಯುತ್ತಿದ್ದವು. ಮರ ನಮ್ಮದು, ಲಾಭ ಅವರದು. 1914ರಲ್ಲಿ ಯುದ್ಧ ಶುರುವಾಯಿತು, ಆ ಮಾರುಕಟ್ಟೆ ಮುಚ್ಚಿತು, ಗಂಧ ಗೋದಾಮಿನಲ್ಲಿ ರಾಶಿ ಬಿತ್ತು. ದಿವಾನ್ ವಿಶ್ವೇಶ್ವರಯ್ಯನವರ ಕಾಲ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಸಡ್‌ಬರೋ, ವಾಟ್ಸನ್ ಎಂಬ ಪ್ರಾಧ್ಯಾಪಕರು ಪ್ರಯೋಗಾಲಯದಲ್ಲಿ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಕಾರ್ಖಾನೆಯೇ ಎದ್ದಿತು. ಆಮೇಲೆ ಸೋಪು. ಅದರ ವಿದ್ಯೆ ಕಲಿಯಲು ಎಸ್. ಜಿ. ಶಾಸ್ತ್ರಿಯವರನ್ನು ಇಂಗ್ಲೆಂಡಿಗೆ ಕಳಿಸಿದರು. ಕಲಿತು ವಾಪಸು ಬಂದ ಅವರು ‘ಸೋಪು ಶಾಸ್ತ್ರಿ’ ಎಂದೇ ಹೆಸರಾದರು. 1918ರಿಂದ ಬಂದ ಮೈಸೂರು ಸ್ಯಾಂಡಲ್ ಸೋಪಿನ ಶರಭದ ಗುರುತು ನಮ್ಮೆಲ್ಲರ ಬಚ್ಚಲುಮನೆಯಲ್ಲಿದೆ. ಪರದೇಶಕ್ಕೆ ಹೋದವರಲ್ಲಿ ಹೀಗೆ ಇಡೀ ನಾಡಿಗೆ ಒಂದು ಉದ್ಯಮ ತಂದವರು ಎಷ್ಟು ಜನ?

ಇಂದು ಲಂಡನ್ನಿನ ಸುಗಂಧ ತಜ್ಞರ ಬಾಯಲ್ಲಿ ‘ಮೈಸೂರು’ ಎಂದರೆ ಊರಲ್ಲ, ಒಂದು ದರ್ಜೆ. ಸೀಸೆಯೊಳಗಿನದು ಪಶ್ಚಿಮ ಆಸ್ಟ್ರೇಲಿಯಾದ ತೋಟದ ಎಣ್ಣೆಯಾಗಿರಬಹುದು, ಸ್ಯಾಂಡಲೋರ್, ಜಾವನಾಲ್‌ನಂಥ ಪ್ರಯೋಗಾಲಯದ ಸರಕೂ ಆಗಿರಬಹುದು. ಟಿಪ್ಪು ರಾಜವೃಕ್ಷ ಎಂದು ಸಾರಿದ ಮರ ಕಳ್ಳಸಾಗಣೆಗೂ ‘ಸ್ಪೈಕ್’ ರೋಗಕ್ಕೂ ಸಿಕ್ಕಿ ನಮ್ಮ ಕಾಡಿನಲ್ಲಿ ಅಪರೂಪವಾಗಿದೆ. ಹೆಸರು ಉಳಿದಿದೆ, ಮರ ಕಡಿಮೆಯಾಗಿದೆ. ನನಗಂತೂ ಇದು ಹೆಮ್ಮೆಗಿಂತ ಹೊಟ್ಟೆಯುರಿಯ ವಿಷಯ.

ಹಾಗಾದರೆ ಊರಿನಲ್ಲಿ ನಾವೇ ನೆಡಬಹುದಲ್ಲ? ನಮ್ಮ ಬಳಗದಲ್ಲಿ ಈ ಮಾತು ಆಗಾಗ ಏಳುತ್ತದೆ, ಉಳಿತಾಯದ ಹಣ ಹಾಕಲು ಕರೆಯುವ ಜಾಹೀರಾತುಗಳೂ ಬರುತ್ತವೆ. 2001ರ ತಿದ್ದುಪಡಿಯ ನಂತರ ಕರ್ನಾಟಕದಲ್ಲಿ ಸ್ವಂತ ಜಮೀನಿನ ಗಂಧದ ಮರ ಜಮೀನುದಾರನದೇ. ಅದಕ್ಕೆ ಮೊದಲು ಹಿತ್ತಲಲ್ಲಿ ತಾನಾಗಿ ಬೆಳೆದರೂ ಸರಕಾರದ್ದಾಗಿತ್ತು, ಹಾಗಾಗಿ ರೈತ ಸಸಿಯಲ್ಲೇ ಕಿತ್ತೆಸೆಯುತ್ತಿದ್ದ! ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ನಿಯಮಗಳಿವೆ. ಗಂಧ ಒಂಟಿಯಾಗಿ ಬೆಳೆಯುವುದಿಲ್ಲ, ನೆರೆಯ ಗಿಡದ ಬೇರಿಗೆ ತನ್ನ ಬೇರು ಕಚ್ಚಿ ಆಹಾರ ಎಳೆಯುತ್ತದೆ. ಮೊದಲ ವರ್ಷಗಳಿಗೆ ತೊಗರಿ, ಮುಂದಕ್ಕೆ ಸರ್ವೆಯಂಥ ಮರ ಜೊತೆಗಿರಬೇಕು. ಹತ್ತು ವರ್ಷಕ್ಕೆ ಕೋಟಿ ಎನ್ನುವ ಏಜೆಂಟನಿಗೆ ತಿರುಳು ಎಷ್ಟು ದಪ್ಪವಾಗಿರುತ್ತದೆ ಎಂದು ಕೇಳಿ. ಆ ವಯಸ್ಸಿಗೆ ತಿರುಳು ಕಟ್ಟಲು ಆಗಷ್ಟೇ ಶುರುವಾಗಿರುತ್ತದೆ, ಒಳ್ಳೆಯ ಎಣ್ಣೆಗೆ ಇನ್ನೂ ಹದಿನೈದಿಪ್ಪತ್ತು ವರ್ಷ ಬೇಕು. ತಿರುಳು ಬಲಿತಷ್ಟೂ ಕಳ್ಳರ ಕಣ್ಣೂ ಬೀಳುತ್ತದೆ. ನಾವು ಇಲ್ಲಿರುವಾಗ ಅಲ್ಲಿ ರಾತ್ರಿ ಕಾವಲು ಯಾರದು ಎಂಬುದನ್ನು ಸಸಿ ಕೊಳ್ಳುವ ಮೊದಲೇ ಮನೆಯವರೊಂದಿಗೆ ಮಾತಾಡಿಕೊಳ್ಳಿ.